ಹಳೆಯ ಕಾರ್ಡು, ಹೊಸ ನಕಲು

(ಅಂಚೆಚೀಟಿ ಮತ್ತು ನಾಣ್ಯ ಸಂಗ್ರಾಹಕರ ಕೂಟವೊಂದರ ತಿಂಗಳ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಈ ಸಭೆಯಲ್ಲಿ ಕುಳಿತಿರುವ ಅನೇಕರು ನಾನು ಹುಟ್ಟುವುದಕ್ಕೆ ಮೊದಲೇ ಅಂಚೆಚೀಟಿ ಕೂಡಿಹಾಕಲು ತೊಡಗಿದವರು. ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡರೆ ಸಾಕು, ಅದು ಟಂಕಸಾಲೆಯದೋ ಪಕ್ಕದ ಓಣಿಯಲ್ಲಿ ಎರಕ ಹೊಯ್ದದ್ದೋ ಹೇಳಬಲ್ಲವರು. ಅಂಥವರ ಎದುರು ನಕಲಿ ಮಾಲಿನ ಬಗ್ಗೆ ಮಾತನಾಡುವುದೆಂದರೆ ಬಾಣಸಿಗರಿಗೆ ಒಗ್ಗರಣೆ ಕಲಿಸಹೋದ ಹಾಗೆ. ಆದರೂ ಕಾರ್ಯದರ್ಶಿಗಳು ಕರೆದಾಗ ಒಪ್ಪಿಕೊಂಡೆ. ನಾನು ಹೇಳಹೊರಟಿರುವ ವಸ್ತು ಬಹುಶಃ ನಿಮ್ಮ ಆಲ್ಬಮ್ಮುಗಳಲ್ಲಿ ಇರಲಾರದು. ಅಮೆರಿಕದ ಹಳೆಯ ಆಟಗಾರರ ಕಾರ್ಡುಗಳು ಅವು. ಬೇಸ್‌ಬಾಲ್ ಕಾರ್ಡು, ಬ್ಯಾಸ್ಕೆಟ್‌ಬಾಲ್ ಕಾರ್ಡು. ಅಂಗೈಯಗಲದ ರಟ್ಟು, ಮುಂದೆ ಆಟಗಾರನ ಚಿತ್ರ, ಹಿಂದೆ ನಾಲ್ಕು ಸಾಲು ವಿವರ. ಇಷ್ಟಕ್ಕೆ ಅಲ್ಲಿ ಮನೆ ಮಾರಿ ಕೊಳ್ಳುವಷ್ಟು ಬೆಲೆ.

ನಮಗೆ ಇದು ಪೂರ್ತಿ ಅಪರಿಚಿತವೇನಲ್ಲ. ನಮ್ಮ ಚಿಕ್ಕಪ್ಪನ ಹುಡುಗಾಟದ ದಿನಗಳಲ್ಲಿ 'ಬಿಗ್ ಫನ್' ಬಬಲ್ ಗಮ್ಮಿನ ಜೊತೆ ರನ್ನು, ವಿಕೆಟ್ಟು ಬರೆದ ಕ್ರಿಕೆಟ್ ಕಾರ್ಡು ಬರುತ್ತಿತ್ತಂತೆ. ನಾನು ಕೂಡಿಸಿದ್ದು ಕುಸ್ತಿಪಟುಗಳ ಟ್ರಂಪ್ ಕಾರ್ಡು. ಅದರಲ್ಲಿ ನಕಲಿಯೇ ಹೆಚ್ಚು, ಯಾರೂ ತಲೆ ಕೆಡಿಸಿಕೊಂಡವರಿಲ್ಲ. ಕೊನೆಗೆ ಅಮ್ಮ ಎಲ್ಲವನ್ನೂ ಹಳೇ ಪೇಪರಿನವನಿಗೆ ಹಾಕಿದಳು.

ಈ ವಿಷಯದ ಬೆನ್ನು ಹತ್ತಿದ್ದು ನಮ್ಮ ಭಾವನವರಿಂದ. ಅಕ್ಕ ಮತ್ತು ಭಾವ ನ್ಯೂಜೆರ್ಸಿಯಲ್ಲಿದ್ದಾರೆ. ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಕುಳಿತಿದ್ದಾಗ, 2020ರ ಏಪ್ರಿಲ್-ಮೇ ತಿಂಗಳಲ್ಲಿ, ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಬಗ್ಗೆ 'ದಿ ಲಾಸ್ಟ್ ಡಾನ್ಸ್' ಎಂಬ ಸಾಕ್ಷ್ಯಚಿತ್ರ ಸರಣಿ ಪ್ರಸಾರವಾಯಿತು. ಅದೇ ಹೊತ್ತಿಗೆ ಹಳೆಯ ಕಾರ್ಡುಗಳ ಪೇಟೆಗೆ ಜ್ವರ ಬಂತು. ಜೋರ್ಡನ್‌ನ 1986ರ ಫ್ಲೀರ್ ಕಂಪನಿಯ ಕಾರ್ಡು, ಅದರಲ್ಲೂ ಹತ್ತಕ್ಕೆ ಹತ್ತು ಅಂಕ ಪಡೆದದ್ದು, 2021ರ ಜನವರಿಯಲ್ಲಿ 7,38,000 ಡಾಲರಿಗೆ ಹರಾಜಾಯಿತು. ಜನ ಅಟ್ಟ ಹುಡುಕತೊಡಗಿದರು. ಆ ವರ್ಷದ ಮೇ ತಿಂಗಳಲ್ಲಿ ವಿಸ್ಕಾನ್ಸಿನ್ ರಾಜ್ಯದ ಅಂಗಡಿಯೊಂದರ ಹೊರಗೆ ಕಾರ್ಡಿಗಾಗಿ ಬಡಿದಾಟ ನಡೆದು, ಟಾರ್ಗೆಟ್ ಎಂಬ ದೊಡ್ಡ ಮಳಿಗೆಗಳ ಸರಪಳಿ ಕೆಲಕಾಲ ಅಂಗಡಿಗಳಲ್ಲಿ ಕಾರ್ಡು ಮಾರುವುದನ್ನೇ ನಿಲ್ಲಿಸಿತು.

ಭಾವನಿಗೆ ಜೋರ್ಡನ್ ಎಂದರೆ ಪ್ರಾಣ. ಒಂದು ರಾತ್ರಿ ಜಾಲತಾಣವೊಂದರಲ್ಲಿ ಅದೇ ಕಾರ್ಡು, ಅಂಕ ಕೊಡಿಸದೆ ಇದ್ದದ್ದು, 1,800 ಡಾಲರಿಗೆ ಸಿಕ್ಕಿತು. ಆಗಿನ ಲೆಕ್ಕದಲ್ಲಿ ಸುಮಾರು ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿ. ಪೇಟೆಯ ಬೆಲೆಗಿಂತ ಬಹಳ ಕಡಿಮೆ. "ತೀರಿಹೋದ ಮಾವನ ಪೆಟ್ಟಿಗೆಯಲ್ಲಿ ಸಿಕ್ಕಿತು, ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ" ಎಂದು ಮಾರುವವನು ಬರೆದಿದ್ದನಂತೆ. ವಿಡಿಯೋ ಕರೆಯಲ್ಲಿ ಭಾವ ಅದನ್ನು ಎತ್ತಿ ಹಿಡಿದು "ನೋಡೋ, ಎಂಥದು ಸಿಕ್ಕಿತು ನನಗೆ!" ಎಂದಿದ್ದರು. ಮುಂದಿನದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ರಟ್ಟಿನ ತುಂಡಿಗೆ ಇಷ್ಟು ಬೆಲೆ ಬಂದದ್ದು ಹೇಗೆ ಎಂಬುದನ್ನು ನೋಡೋಣ.

ಮೂಲ ತಂಬಾಕಿನಲ್ಲಿದೆ. ಸಿಗರೇಟಿನ ಪೊಟ್ಟಣ ಮೆತ್ತಗಿದ್ದ ಕಾಲದಲ್ಲಿ ಒಳಗಿನ ಸಿಗರೇಟು ಮುರಿಯದಿರಲೆಂದು ಒಂದು ಗಟ್ಟಿ ರಟ್ಟು ಇಡುತ್ತಿದ್ದರು. ಖಾಲಿ ರಟ್ಟು ಏಕೆ ಎಂದು ಅದರ ಮೇಲೆ ಚಿತ್ರ ಅಚ್ಚು ಹಾಕಿದರು. ನಟಿಯರು, ಸೇನಾಪತಿಗಳು, ಹಕ್ಕಿಗಳು, ಆಟಗಾರರು. ಇಂಗ್ಲೆಂಡಿನಲ್ಲಿ ವಿಲ್ಸ್ ಕಂಪನಿ 1896ರಲ್ಲಿ 50 ಕ್ರಿಕೆಟಿಗರ ಸೆಟ್ಟು ತಂದಿತು. ಅಮೆರಿಕದಲ್ಲಿ ಬೇಸ್‌ಬಾಲ್. ಅಪ್ಪ ಸಿಗರೇಟು ಸೇದಿದರೆ ಮಗನಿಗೆ ಕಾರ್ಡು. ಸೆಟ್ಟು ಪೂರ್ತಿಯಾಗಬೇಕಾದರೆ ಅಪ್ಪ ಇನ್ನಷ್ಟು ಸೇದಬೇಕು. ಜಾಹೀರಾತಿನವರ ಬುದ್ಧಿ ಅಂದಿಗೂ ಇಂದಿಗೂ ಒಂದೇ.

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ ಒಂದು ಸೆಟ್ಟಿಗೆ ಇಂದು 'ಟಿ-206' ಎಂದು ಹೆಸರು. ಈ ಹೆಸರಿಟ್ಟವನು ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕ. ನಿಮ್ಮಂಥ ಸಂಗ್ರಾಹಕರಿಗೆ ಇವನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಿನವನು. ಒಂಟಿ ಮನುಷ್ಯ, ಸಂಧಿವಾತದಿಂದ ಕೈ ಸೊಟ್ಟಗಾಗಿತ್ತು. ಜಗತ್ತಿನವರು ಕಸಕ್ಕೆ ಹಾಕುತ್ತಿದ್ದ ಕಾರ್ಡುಗಳನ್ನು ಅವನು ವರ್ಗ ಮಾಡಿ ಪಟ್ಟಿ ಬರೆದ. ಟೊಬ್ಯಾಕೊ ಕಾರ್ಡುಗಳಿಗೆ 'ಟಿ' ಅಕ್ಷರ, ಮುಂದೆ ಒಂದು ಸಂಖ್ಯೆ. ಇಂದಿಗೂ ಪೇಟೆ ನಡೆಯುವುದು ಅವನ ಸಂಖ್ಯೆಗಳಿಂದಲೇ. ತನ್ನ ಸಂಗ್ರಹ ಮೂರು ಲಕ್ಷಕ್ಕೂ ಮೀರಿದ್ದು, ಅದನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟು, ವರ್ಷಗಟ್ಟಲೆ ಅಲ್ಲಿಯೇ ಕುಳಿತು ಆ ನೋಯುವ ಕೈಯಿಂದ ಒಂದೊಂದನ್ನೂ ಆಲ್ಬಮ್ಮಿಗೆ ಅಂಟಿಸಿದ. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಮಾರ್ಚಿಯಲ್ಲಿ ತೀರಿಕೊಂಡ. ಅಂಟು ಹಚ್ಚಿದರೆ ಕಾರ್ಡಿನ ಬೆಲೆ ನೆಲಕಚ್ಚುತ್ತದೆ ಎಂದು ಇಂದಿನ ವ್ಯಾಪಾರಿ ಹೌಹಾರುತ್ತಾನೆ. ಬರ್ಡಿಕ್ಕನಿಗೆ ಬೆಲೆಯ ಯೋಚನೆ ಇರಲಿಲ್ಲ. ಅವನ ಪಟ್ಟಿಯಲ್ಲಿ ಅತ್ಯಂತ ದುಬಾರಿ ಕಾರ್ಡಿನ ಎದುರು ಬರೆದಿದ್ದ ಬೆಲೆ 50 ಡಾಲರು.

ಆ ಕಾರ್ಡೇ ಹೋನಸ್ ವಾಗ್ನರ್ ಎಂಬ ಪಿಟ್ಸ್‌ಬರ್ಗ್ ತಂಡದ ಆಟಗಾರನದು. ಟಿ-206 ಸೆಟ್ಟಿನಲ್ಲಿ ಅವನ ಚಿತ್ರದ ಅಚ್ಚು ಬಲುಬೇಗ ನಿಂತುಹೋಯಿತು. ಮಕ್ಕಳು ತನ್ನ ಚಿತ್ರಕ್ಕಾಗಿ ತಂಬಾಕು ಕೊಳ್ಳುವುದು ಬೇಡ ಎಂದು ಅವನು ತಕರಾರು ತೆಗೆದ ಎಂಬುದು ಒಂದು ಕಥೆ. ಹಣ ಕೊಡದೆ ಚಿತ್ರ ಹಾಕಿದ್ದಕ್ಕೆ ಸಿಟ್ಟಾದ ಎಂಬುದು ಇನ್ನೊಂದು. ಸ್ವತಃ ತಂಬಾಕು ಜಗಿಯುತ್ತಿದ್ದವನು ಎಂಬುದರಿಂದ ಎರಡನೆಯದೇ ಇದ್ದೀತು ಎಂದು ಕೆಲವರ ಊಹೆ. ನನಗೆ ಮೊದಲಿನದನ್ನು ನಂಬುವ ಆಸೆ. ಇರಲಿ, ಇಂದು ಲೋಕದಲ್ಲಿ ಇರುವುದು ಐವತ್ತು-ಅರವತ್ತು ಪ್ರತಿ ಮಾತ್ರ ಎಂದು ಅಂದಾಜು. 2022ರಲ್ಲಿ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಈ ಪ್ರತಿಗಳಲ್ಲೆಲ್ಲ ಒಂದು ಹೆಸರುವಾಸಿಯಾಗಿತ್ತು. ನೂರು ವರ್ಷದ ರಟ್ಟು ಎಂದರೆ ಮೂಲೆ ಮೆತ್ತಗಾಗಿ, ಅಂಚು ಸವೆದಿರಬೇಕು. ಇದರ ಮೂಲೆಗಳು ಮಾತ್ರ ಚೂರಿಯಷ್ಟು ಚೂಪು. ಬಿಲ್ ಮ್ಯಾಸ್ಟ್ರೊ ಎಂಬ ವ್ಯಾಪಾರಿ 1985ರಲ್ಲಿ 25,000 ಡಾಲರಿಗೆ ಇದನ್ನು ಕೊಂಡಿದ್ದ. 1991ರಲ್ಲಿ ಸದಬೀಸ್ ಹರಾಜಿನಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಇನ್ನೊಬ್ಬರ ಜೊತೆ ಸೇರಿ 4,51,000 ಡಾಲರು ಕೊಟ್ಟ. ಅದೇ ವರ್ಷ ಹುಟ್ಟಿದ ಪಿಎಸ್‌ಎ ಎಂಬ ಸಂಸ್ಥೆ ಕಾರ್ಡುಗಳನ್ನು ಪರೀಕ್ಷಿಸಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಕೆಲಸ ಆರಂಭಿಸಿತು. ಅದು ಮೊಟ್ಟಮೊದಲು ಅಂಕ ಕೊಟ್ಟದ್ದು ಈ ಕಾರ್ಡಿಗೇ. ಎಂಟು ಅಂಕ. ಆಮೇಲೆ ಕಾರ್ಡಿನ ಪಯಣವೇ ಒಂದು ಪುರಾಣ. ಅದನ್ನು ಸ್ಪರ್ಧೆಯ ಬಹುಮಾನವಾಗಿ ಇಟ್ಟಾಗ ಫ್ಲಾರಿಡಾದ ಅಂಚೆ ನೌಕರರೊಬ್ಬರಿಗೆ ಬಂತು. ತೆರಿಗೆ ಕಟ್ಟಲಾಗದೆ ಅವರು ಮಾರಿದರು. 2000ದಲ್ಲಿ ಇ-ಬೇ ಜಾಲತಾಣದಲ್ಲಿ ಹನ್ನೆರಡೂವರೆ ಲಕ್ಷ ಡಾಲರು ದಾಟಿತು. 2007ರಲ್ಲಿ 28 ಲಕ್ಷ ಡಾಲರು.

2013ರಲ್ಲಿ ಮ್ಯಾಸ್ಟ್ರೊ, ಹರಾಜುಗಳಲ್ಲಿ ನಡೆಸಿದ ಮೋಸದ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡ. ಆಗ ಈ ಕಾರ್ಡಿನ ಅಂಚನ್ನು ತಾನು ಕತ್ತರಿಸಿದ್ದೆ ಎಂಬುದನ್ನೂ ಒಪ್ಪಿಕೊಂಡ. ಸವೆದ ಅಂಚನ್ನು ಒಂದು ಎಳೆಯಷ್ಟು ಕೊಯ್ದರೆ ಮೂಲೆ ಮತ್ತೆ ಚೂಪಾಗುತ್ತದೆ. ಅಷ್ಟೇ ಕೈಚಳಕ. 2015ರಲ್ಲಿ ಅವನಿಗೆ 20 ತಿಂಗಳ ಸೆರೆವಾಸವಾಯಿತು. ಗಮನಿಸಿ, ಕಾರ್ಡು ನಕಲಿಯಲ್ಲ. ಕಾಗದ ಅಸಲಿ, ಅಚ್ಚು ಅಸಲಿ, ವಾಗ್ನರ್ ಅಸಲಿ. ಸ್ಥಿತಿ ಮಾತ್ರ ಸುಳ್ಳು. ಪರೀಕ್ಷೆಯ ವ್ಯವಸ್ಥೆ ನಿಂತದ್ದೇ ಇಂಥ ಮೊದಲ ಇಟ್ಟಿಗೆಯ ಮೇಲೆ ಎಂಬುದನ್ನು ನೆನಪಿಟ್ಟುಕೊಂಡು ಮುಂದಿನ ಮಾತು ಕೇಳಬೇಕು.

ಎರಡನೆಯ ಮಹಾಯುದ್ಧಕ್ಕೆ ಮೊದಲೇ ಕಾರ್ಡು ಸಿಗರೇಟಿನ ಪೊಟ್ಟಣ ಬಿಟ್ಟು ಚೂಯಿಂಗ್ ಗಮ್ಮಿನ ಪೊಟ್ಟಣ ಸೇರಿತ್ತು. 1952ರಲ್ಲಿ ಟಾಪ್ಸ್ ಎಂಬ ಕಂಪನಿ ದೊಡ್ಡ ಅಳತೆಯ, ಬಣ್ಣಬಣ್ಣದ ಸೆಟ್ಟು ತಂದಿತು. ಅದರ 311ನೆಯ ಕಾರ್ಡು ಮಿಕ್ಕಿ ಮ್ಯಾಂಟಲ್‌ನದು. ಇದು ಅವನ ಮೊದಲ ಕಾರ್ಡಲ್ಲ, ಹಿಂದಿನ ವರ್ಷ ಬೋಮನ್ ಕಂಪನಿಯದು ಬಂದಿತ್ತು. ಆದರೂ ಜನರಿಗೆ ಇದೇ ಬೇಕು. ಆ ಸೆಟ್ಟಿನ ಕೊನೆಯ ಕಂತು ತಡವಾಗಿ ಬಂದದ್ದರಿಂದ ಮಾರಾಟವಾಗದೆ ಗೋದಾಮಿನಲ್ಲಿ ಉಳಿಯಿತು. ಕಾರ್ಡು ರೂಪಿಸಿದ ಸೈ ಬರ್ಗರ್ 1960ರಲ್ಲಿ ಆ ಪೆಟ್ಟಿಗೆಗಳನ್ನು ದೋಣಿಗೆ ಹೇರಿಸಿ ನ್ಯೂಜೆರ್ಸಿ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ. ಜಾಗ ಬೇಕಾಗಿತ್ತು, ಅಷ್ಟೆ. 1991ರಲ್ಲಿ 50,000 ಡಾಲರಿಗೆ ಒಬ್ಬರು ಕೊಂಡ ಒಂದು ಮ್ಯಾಂಟಲ್ ಕಾರ್ಡು 2022ರ ಆಗಸ್ಟಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಸಾಗರದ ತಳದಲ್ಲಿ ಎಷ್ಟು ಕೋಟಿ ಕರಗಿತೋ.

ಇಷ್ಟು ಬೆಲೆಯಿರುವಲ್ಲಿ ನಕಲು ಬಾರದೆ ಇರುತ್ತದೆಯೆ? ಸ್ವಾರಸ್ಯವೆಂದರೆ, ಎಲ್ಲ ನಕಲೂ ಕಳ್ಳರು ಮಾಡಿದ್ದಲ್ಲ. ಟಾಪ್ಸ್ ಕಂಪನಿಯೇ 1983ರಲ್ಲಿ ತನ್ನ 1952ರ ಸೆಟ್ಟನ್ನು ಅಭಿಮಾನಿಗಳಿಗಾಗಿ ಮರುಮುದ್ರಣ ಮಾಡಿತು. ಪ್ರಾಮಾಣಿಕವಾಗಿ ಹಿಂಬದಿಯಲ್ಲಿ 'ಮರುಮುದ್ರಣ' ಎಂಬ ಒಕ್ಕಣೆಯನ್ನೂ ಹಾಕಿತು. ಮುಂದಿನ ಕೈ ಆ ಒಕ್ಕಣೆಯನ್ನು ಕೆರೆದು ಅಳಿಸಿ, ಚಹಾದ ನೀರಿನಲ್ಲಿ ಅದ್ದಿ, ಮೂಲೆಗಳನ್ನು ಉಜ್ಜಿ, ಹಳೆಯದೆಂದು ಮಾರುತ್ತದೆ. ಇದನ್ನು ಹಿಡಿಯಲು ವಿಜ್ಞಾನಿಯೇ ಬೇಕಾಗಿಲ್ಲ, ಸ್ಕೇಲು ಸಾಕು. 1952ರ ಅಸಲಿ ಕಾರ್ಡಿನ ಅಳತೆ ಎರಡೂ ಐದೆಂಟಾಂಶ ಇಂಚು ಅಗಲ, ಮೂರೂಮುಕ್ಕಾಲು ಇಂಚು ಉದ್ದ. ಮರುಮುದ್ರಣದ್ದು ಎರಡೂವರೆ, ಮೂರೂವರೆ. ಸಣ್ಣದನ್ನು ಯಾರೂ ಹಿಗ್ಗಿಸಲಾರರು. ಆದರೆ ಅಂತರ್ಜಾಲದ ಚಿತ್ರದಲ್ಲಿ ಅಳತೆ ಕಾಣುವುದಿಲ್ಲ ನೋಡಿ. ತೆರೆಯ ಮೇಲೆ ಅಂಚೆಚೀಟಿಯೂ ಒಂದೇ, ಅಂಬಾರಿಯೂ ಒಂದೇ. ಕಾರ್ಡಿನ ಪಕ್ಕ ಸ್ಕೇಲು ಇಟ್ಟು ಚಿತ್ರ ಕಳಿಸಿ ಎಂದು ಕೇಳಬೇಕು. ಕೇಳಿದೊಡನೆ ಮಾರುವವನು ಮೌನವಾದರೆ ನಿಮ್ಮ ಹಣ ಉಳಿಯಿತು.

ಇನ್ನು ಅಚ್ಚಿನ ಮಾತು. ಇದನ್ನು ನನಗೆ ತಿಳಿಸಿಕೊಟ್ಟವರು ಅಮೆರಿಕದ ತಜ್ಞರಲ್ಲ, ನಮ್ಮ ಪತ್ರಿಕೆಯ ಮುದ್ರಣ ವಿಭಾಗದ ಹಿರಿಯರೊಬ್ಬರು. ಭಾವನ ಕಾರ್ಡಿನ ವಿಷಯ ಹೇಳಿದಾಗ ಅವರು ಅಂದಿನ ಪತ್ರಿಕೆಯ ಮುಖಪುಟ ಹಾಸಿ, ಮೇಜಿನ ಖಾನೆಯಿಂದ ಭೂತಗನ್ನಡಿ ತೆಗೆದು "ನೋಡಪ್ಪಾ, ಏನು ಕಾಣುತ್ತೆ?" ಎಂದರು. ಮುಖ್ಯಮಂತ್ರಿಗಳ ಮುಖದ ಬದಲು ಚುಕ್ಕಿಗಳು ಕಂಡವು. ನೀಲಿ, ಕೆಂಪು, ಹಳದಿ, ಕಪ್ಪು, ರಂಗೋಲಿಯ ಹಾಗೆ. "ಈಗ ತಲೆಬರಹ ನೋಡು" ಎಂದರು. ಅಕ್ಷರದಲ್ಲಿ ಚುಕ್ಕಿಯಿಲ್ಲ, ಗಟ್ಟಿ ಕಪ್ಪು, ಅಂಚು ಖಡಕ್ಕಾಗಿತ್ತು. "ಇನ್ನೇನು, ನಿನ್ನ ಭಾವನಿಗೂ ಇದೇ ಹೇಳು" ಎಂದು ಕನ್ನಡಿಯನ್ನು ಮತ್ತೆ ಖಾನೆಗೆ ಹಾಕಿಕೊಂಡರು.

ಅರ್ಥ ಇಷ್ಟು. ಹಳೆಯ ಕಾರ್ಡಿನಲ್ಲಿ ಫೋಟೋ ಚುಕ್ಕಿಗಳಿಂದ ಮೂಡಿದ್ದರೂ ಹೆಸರು, ಗೆರೆ, ಚೌಕಟ್ಟು ಸಾಮಾನ್ಯವಾಗಿ ಒಂದೇ ಶಾಯಿಯಲ್ಲಿ ಗಟ್ಟಿಯಾಗಿ ಅಚ್ಚಾಗಿರುತ್ತವೆ. ನಕಲು ಮಾಡುವವನ ಬಳಿ ಮೂಲ ಫಲಕ ಇಲ್ಲ, ಅವನು ಅಸಲಿ ಕಾರ್ಡನ್ನು ಸ್ಕ್ಯಾನ್ ಮಾಡುತ್ತಾನೆ. ಆಗ ಚಿತ್ರ, ಅಕ್ಷರ, ಗೆರೆ ಎಲ್ಲವೂ ಅವನಿಗೆ ಒಂದೇ ಫೋಟೋ. ಮತ್ತೆ ಅಚ್ಚು ಹಾಕಿದಾಗ ಅಕ್ಷರಗಳೂ ಚುಕ್ಕಿಗಳಾಗಿ ಒಡೆಯುತ್ತವೆ, ಅಂಚು ಮಸುಕಾಗುತ್ತದೆ. ಬರಿಗಣ್ಣಿಗೆ ಕಾಣದು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜಿನಲ್ಲಿ ಥಟ್ಟನೆ ಕಾಣುತ್ತದೆ. ಟಿ-206 ಕಾರ್ಡುಗಳಲ್ಲಿ ಆಟಗಾರನ ಹೆಸರು ಕಂದು ಶಾಯಿಯಲ್ಲಿದೆ. ಆ ಕಂದು, ಭೂತಗನ್ನಡಿಯಡಿ ನಾಲ್ಕು ಬಣ್ಣದ ಚುಕ್ಕಿಗಳ ಬೆರಕೆಯಾಗಿ ಕಂಡರೆ ಅಲ್ಲಿಗೆ ಕಥೆ ಮುಗಿಯಿತು.

ಕಾಗದಕ್ಕೂ ಒಂದು ಪರೀಕ್ಷೆಯಿದೆ. ಅಂಗಡಿಯವರು ಐನೂರರ ನೋಟು ಹಿಡಿದು ನೋಡುವ ನೇರಳೆ ದೀಪ ಇದೆಯಲ್ಲ, ಅದೇ. ಎರಡನೆಯ ಮಹಾಯುದ್ಧದ ನಂತರ ಕಾಗದ ಬೆಳ್ಳಗೆ ಕಾಣಲೆಂದು ಒಂದು ಬಗೆಯ ರಾಸಾಯನಿಕ ಬೆರೆಸುವುದು ರೂಢಿಯಾಯಿತು. ಬಟ್ಟೆ ಸೋಪಿನ ಪುಡಿಯಲ್ಲೂ ಅಂಥದೇ ಇರುತ್ತದೆ. ಕತ್ತಲೆಯಲ್ಲಿ ಆ ದೀಪ ಹಿಡಿದರೆ ಅಂಥ ಕಾಗದ ನೀಲಿ ಬಿಳುಪಾಗಿ ಹೊಳೆಯುತ್ತದೆ. 1910ರದು ಎಂದು ಹೇಳಿಕೊಳ್ಳುವ ಕಾರ್ಡು ಹಾಗೆ ಹೊಳೆದರೆ ಅದು ಸುಳ್ಳು. ಆದರೆ ಹೊಳೆಯಲಿಲ್ಲ ಎಂದಾಕ್ಷಣ ಅಸಲಿ ಎನ್ನುವಂತಿಲ್ಲ. ಹಳೆಯ ಪುಸ್ತಕದ ಖಾಲಿ ಹಾಳೆ ಹರಿದು ಅಚ್ಚು ಹಾಕುವ ಜಾಣರೂ ಇದ್ದಾರೆ. 1950ರ ಈಚಿನ ಕಾರ್ಡುಗಳಿಗಂತೂ ಈ ದೀಪವೊಂದನ್ನೇ ನೆಚ್ಚಿಕೊಳ್ಳಬಾರದು.

ಎಲ್ಲಕ್ಕಿಂತ ನನಗೆ ಮೆಚ್ಚಿಕೆಯಾದ ಉಪಾಯ ಬೇರೆ. ಅಮೆರಿಕದ ಹಳೆಯ ಸಂಗ್ರಾಹಕರು ಹೊಸಬರಿಗೆ ಹೇಳುವುದು ಇದನ್ನೇ: ದೊಡ್ಡ ಹೆಸರಿನ ಕಾರ್ಡು ಕೊಳ್ಳುವ ಮೊದಲು, ಅದೇ ವರ್ಷದ ಅದೇ ಸೆಟ್ಟಿನ, ಯಾರಿಗೂ ಹೆಸರು ನೆನಪಿಲ್ಲದ ಒಬ್ಬ ಆಟಗಾರನ ಕಾರ್ಡನ್ನು ನಾಲ್ಕು ಕಾಸಿಗೆ ಕೊಂಡುಕೋ. ಅವನನ್ನು ಯಾರೂ ನಕಲು ಮಾಡುವುದಿಲ್ಲ. ಆ ಬಡ ಕಾರ್ಡನ್ನು ದಿನಾ ಮುಟ್ಟಿ ನೋಡು. ರಟ್ಟಿನ ದಪ್ಪ, ಹಿಂಬದಿಯ ಬಣ್ಣ, ನಯ, ಬೆಳಕಿಗೆ ಹಿಡಿದಾಗ ಎಷ್ಟು ಮಂಕು, ಮೂಗಿಗೆ ಹಿಡಿದಾಗ ಎಂಥ ವಾಸನೆ. ದೊಡ್ಡವನು ಮನೆಗೆ ಬಂದಾಗ ಇಬ್ಬರನ್ನೂ ಪಕ್ಕಪಕ್ಕ ಇಡು. ಹೀಗೆ ಹೆಸರಿಲ್ಲದವನು ಹೆಸರುವಾಸಿಯ ಮೇಲೆ ಸಾಕ್ಷಿ ಹೇಳುವುದು ನನಗೆ ಬಹಳ ಹಿಡಿಸಿತು. ಅಚ್ಚುಕಟ್ಟುತನವನ್ನೇ ಅಸಲಿತನ ಎಂದು ತಿಳಿಯುವ ಭ್ರಮೆಯೂ ಇದರಿಂದ ಕಳೆಯುತ್ತದೆ. ಕೆನಡಾದ ಓ-ಪೀ-ಚೀ ಕಂಪನಿಯ 1979ರ ಗ್ರೆಟ್ಸ್‌ಕಿ ಕಾರ್ಡಿನ ಅಂಚು ತಂತಿಯಿಂದ ಕೊಯ್ದಂತೆ ಒರಟು, ಜುಂಗು ಜುಂಗು. ಅದೇ ಅಸಲಿ ಲಕ್ಷಣ. ನಯವಾಗಿ ಕತ್ತರಿಸಿದ್ದನ್ನು ಕಂಡರೆ ಹೆದರಬೇಕು.

ಇಷ್ಟೆಲ್ಲ ತಲೆನೋವೇಕೆ, ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದ ಕಾರ್ಡನ್ನೇ ಕೊಂಡರಾಯಿತು ಎನ್ನಬಹುದು. ಹೌದು, ಸಾಮಾನ್ಯ ಕೊಳ್ಳುಗನಿಗೆ ಅದು ಹೆಚ್ಚು ಕ್ಷೇಮ. ಆ ಗಟ್ಟಿ ಡಬ್ಬಿಗೆ ಅವರ ಭಾಷೆಯಲ್ಲಿ 'ಸ್ಲ್ಯಾಬ್' ಎನ್ನುತ್ತಾರೆ. ಲೇಬಲ್ಲಿನ ಮೇಲೆ ಒಂದು ಸಂಖ್ಯೆ ಇರುತ್ತದೆ, ಆ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿದರೆ ಯಾವ ಕಾರ್ಡು, ಎಷ್ಟು ಅಂಕ ಎಂದು ತೋರಿಸುತ್ತದೆ. ಕಳ್ಳರು ಇದನ್ನೂ ಬಿಟ್ಟಿಲ್ಲ. ಅಸಲಿ ಕಾರ್ಡಿನ ಸಂಖ್ಯೆಯನ್ನೇ ನೋಡಿಕೊಂಡು ಅದೇ ಸಂಖ್ಯೆಯ ಲೇಬಲ್ ಮುದ್ರಿಸಿ ನಕಲಿ ಡಬ್ಬಿಯಲ್ಲಿ ನಕಲಿ ಕಾರ್ಡು ಇಡುತ್ತಾರೆ. ಸಂಖ್ಯೆ ಹಾಕಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ! ಆದ್ದರಿಂದ ಜಾಲತಾಣದಲ್ಲಿ ಆ ಸಂಖ್ಯೆಯ ಕಾರ್ಡಿನ ಚಿತ್ರವಿದ್ದರೆ, ಅದರ ಮೂಲೆಯ ಮಚ್ಚೆ, ಬಿಳಿ ಅಂಚಿನ ಎಡ-ಬಲದ ಅಗಲ ಇವನ್ನು ಮಾರುವವನ ಚಿತ್ರದ ಜೊತೆ ತಾಳೆ ನೋಡಬೇಕು. ಎರಡು ಹಳೆಯ ಕಾರ್ಡು ತದ್ವತ್ ಒಂದೇ ಆಗಿರುವುದಿಲ್ಲ. 2022ರ ಮೇ ತಿಂಗಳಲ್ಲಿ ಬ್ರೂಕ್ಲಿನ್ನಿನ ಸರ್ಕಾರಿ ವಕೀಲರು ಕೊಲರಾಡೊ ರಾಜ್ಯದ ಒಬ್ಬನ ಮೇಲೆ ಮೊಕದ್ದಮೆ ಹೂಡಿದರು. 2015ರಿಂದ 2019ರ ನಡುವೆ ಜೋರ್ಡನ್ ಕಾರ್ಡೂ ಸೇರಿದಂತೆ ಎಂಟು ಲಕ್ಷ ಡಾಲರಿಗೂ ಮೀರಿದ ನಕಲಿ ಕಾರ್ಡುಗಳನ್ನು, ಪರೀಕ್ಷೆಯಾದವೆಂದು ತೋರುವ ಡಬ್ಬಿಗಳಲ್ಲಿಟ್ಟು ದಾಟಿಸಿದ ಎಂಬುದು ಆರೋಪ.

ಪರೀಕ್ಷೆ ಮಾಡುವವರೂ ಮನುಷ್ಯರೇ. 2021ರಲ್ಲಿ ಲೋಗನ್ ಪಾಲ್ ಎಂಬ ಹೆಸರಾಂತ ಯೂಟ್ಯೂಬ್ ತಾರೆ, ತೆರೆಯದ ಹಳೆಯ ಪೋಕೆಮಾನ್ ಕಾರ್ಡಿನ ಪೆಟ್ಟಿಗೆಗೆ 35 ಲಕ್ಷ ಡಾಲರು ಕೊಟ್ಟಿದ್ದ. ಅದು ಆಟಗಾರರ ಕಾರ್ಡಲ್ಲ ನಿಜ, ಪಾಠ ಮಾತ್ರ ಒಂದೇ. ತಜ್ಞರು ಅಸಲಿ ಎಂದು ಮುದ್ರೆ ಒತ್ತಿದ್ದ ಪೆಟ್ಟಿಗೆ. ತೆರೆದರೆ ಒಳಗೆ ಜಿ.ಐ. ಜೋ ಎಂಬ ಅಗ್ಗದ ಗೊಂಬೆಕಥೆಯ ಕಾರ್ಡುಗಳಿದ್ದವು. ಇನ್ನು ಸಹಿಯ ವಿಚಾರ ಕೇಳಲೇಬೇಡಿ. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಎಂಬ ಹೆಸರಿನಲ್ಲಿ ಆಟಗಾರರ ಸುಳ್ಳು ಸಹಿ ಹಾಕುವ ಜಾಲವನ್ನು ಹಿಡಿಯಿತು. ಸಿಕ್ಕ ಮಾಲಿನಲ್ಲಿ ಮದರ್ ತೆರೆಸಾ ಸಹಿ ಹಾಕಿದ ಬೇಸ್‌ಬಾಲ್ ಚೆಂಡೂ ಇತ್ತು. ಕಲ್ಕತ್ತದ ತಾಯಿ ಯಾವಾಗ ಬೇಸ್‌ಬಾಲ್ ಆಡಿದರೋ, ಕೊಳ್ಳುವವರು ಇದ್ದರಲ್ಲ ಎಂಬುದೇ ಆಶ್ಚರ್ಯ.

ಕೊಳ್ಳುವವನು ಮೊದಲು ನೋಡಬೇಕಾದ್ದು ಕಾರ್ಡನ್ನಲ್ಲ, ಮಾರುವವನ ಮಾತನ್ನು. ವರದಿಗಾರಿಕೆಯಲ್ಲಿ ನಮಗೆ ಕಲಿಸುವ ಮೊದಲ ಪಾಠವೂ ಅದೇ, ಯಾರು ಹೇಳುತ್ತಿದ್ದಾರೆ, ಏಕೆ ಹೇಳುತ್ತಿದ್ದಾರೆ. ಸಾವಿರಾರು ಡಾಲರಿನ ವಸ್ತುವನ್ನು ಮಸುಕು ಚಿತ್ರದಲ್ಲಿ ತೋರಿಸುವವನು, ಮುಂಬದಿ ತೋರಿಸಿ ಹಿಂಬದಿ ಮುಚ್ಚಿಡುವವನು, 'ಅಸಲಿಯೋ ಮರುಮುದ್ರಣವೋ ನನಗೆ ತಿಳಿಯದು, ಇದ್ದಂತೆ ಮಾರುತ್ತಿದ್ದೇನೆ, ವಾಪಸಿಲ್ಲ' ಎನ್ನುವವನು, ತನಗೆ ಏನು ಗೊತ್ತಿದೆ ಎಂಬುದನ್ನು ಹೇಳಿಯೇ ಬಿಟ್ಟಿದ್ದಾನೆ. ತೀರಿಹೋದ ತಾತ, ಹಳೆಯ ಅಟ್ಟ, ತುಕ್ಕು ಹಿಡಿದ ಪೆಟ್ಟಿಗೆ ಇವು ನಿಜವಾಗಿಯೂ ಇರುತ್ತವೆ, ನಿಜವಾದ ಅಟ್ಟಗಳಿಂದ ಕಾರ್ಡುಗಳು ಇಳಿದದ್ದೂ ಇದೆ. ಆದರೆ ಅಟ್ಟದಿಂದ ಇಳಿದದ್ದು ಸಾಮಾನ್ಯವಾಗಿ ರಾಶಿಯಾಗಿ ಇಳಿಯುತ್ತದೆ. ಹುಡುಗನೊಬ್ಬ ಕೂಡಿಸಿದ್ದರಲ್ಲಿ ಹತ್ತು ಜನ ಹೆಸರಿಲ್ಲದವರ ನಡುವೆ ಒಬ್ಬ ದೊಡ್ಡವನಿರುತ್ತಾನೆ. ಜೋರ್ಡನ್ ಒಬ್ಬನೇ ಇದ್ದ ಪೆಟ್ಟಿಗೆ ಎಲ್ಲಿಯದು? ಅವನ ಜೊತೆಗೆ ಸೆಟ್ಟಿನಲ್ಲಿದ್ದ ಮಿಕ್ಕ 131 ಕಾರ್ಡುಗಳು ಎಲ್ಲಿ ಹೋದವು?

ಇವತ್ತಿನ ತಾರೀಖು ಬರೆದ ಚೀಟಿಯ ಪಕ್ಕ ಕಾರ್ಡಿಟ್ಟು ಚಿತ್ರ ಕಳಿಸಿ ಎಂದರೆ, ಬೇರೆಯವರ ಚಿತ್ರ ಕದ್ದು ಹಾಕಿದವನು ಅಲ್ಲಿಯೇ ಸಿಕ್ಕಿಬೀಳುತ್ತಾನೆ. 'ಜಾಲತಾಣದ ಹೊರಗೆ ವ್ಯವಹಾರ ಮಾಡೋಣ, ಕಡಿಮೆಗೆ ಕೊಡುತ್ತೇನೆ' ಎಂದರೆ ಸುತರಾಂ ಒಪ್ಪಬಾರದು. ಪೇಪಾಲ್‌ನಲ್ಲಿ ಸ್ನೇಹಿತರಿಗೆ, ಮನೆಯವರಿಗೆ ಹಣ ಕಳಿಸುವ ದಾರಿಯೊಂದಿದೆ, ಅದರಲ್ಲಿ ಕೊಳ್ಳುಗನಿಗೆ ರಕ್ಷಣೆಯಿಲ್ಲ. ಅಪರಿಚಿತನೊಬ್ಬ ನಿಮ್ಮನ್ನು ಏಕಾಏಕಿ ಸ್ನೇಹಿತ ಎಂದು ಕರೆದರೆ ಕಾರಣ ಇಷ್ಟೇ. 2022ರಿಂದ ಇ-ಬೇ ಒಂದು ಮಟ್ಟಕ್ಕೆ ಮೇಲ್ಪಟ್ಟ ಬೆಲೆಯ ಕಾರ್ಡುಗಳನ್ನು ಕೊಳ್ಳುಗನಿಗೆ ತಲುಪುವ ಮೊದಲೇ ಪರೀಕ್ಷೆಗೆ ಕಳಿಸುವ ಏರ್ಪಾಡು ತಂದಿತು. ಒಳ್ಳೆಯ ಹೆಜ್ಜೆಯೇ. ಭಾವ ಕೊಂಡದ್ದು ಅದಕ್ಕೆ ಮೊದಲು, ಬೇರೊಂದು ಕಡೆ.

ಈಗ ಭಾವನ ಕಥೆಗೆ ಬರುತ್ತೇನೆ. ಕಾರ್ಡು ಬಂದ ವಾರದಲ್ಲಿಯೇ ಅವರು ಅದನ್ನು ಅಂಕಕ್ಕಾಗಿ ಒಂದು ಪರೀಕ್ಷಾ ಸಂಸ್ಥೆಗೆ ಕಳಿಸಿದರು. ಆಗ ಇಡೀ ಅಮೆರಿಕವೇ ಕಾರ್ಡು ಕಳಿಸುತ್ತಿದ್ದ ಕಾಲ. ಎಲ್ಲ ಸಂಸ್ಥೆಗಳಲ್ಲೂ ಬೆಟ್ಟದಷ್ಟು ಬಾಕಿ. ಏಳು ತಿಂಗಳ ಮೇಲೆ ಕಾರ್ಡು ಡಬ್ಬಿಯಿಲ್ಲದೆ, ಅಂಕವಿಲ್ಲದೆ, ಅಸಲಿಯಲ್ಲ ಎಂಬ ಒಂದು ಸಾಲಿನೊಡನೆ ವಾಪಸು ಬಂತು. ಅಷ್ಟರಲ್ಲಿ ಹಣ ಮರಳಿ ಕೇಳುವ ಗಡುವು ಎಂದೋ ಮೀರಿತ್ತು. ಮಾರಿದವನ ಖಾತೆಯೂ ಜಾಲತಾಣದಲ್ಲಿ ಇರಲಿಲ್ಲ. ನಾನು ಮುದ್ರಣ ವಿಭಾಗದಲ್ಲಿ ಕಲಿತ ವಿದ್ಯೆಯನ್ನು ಹೇಳಿದೆ. ಮಗಳ ಶಾಲೆಯ ಭೂತಗನ್ನಡಿ ಹಿಡಿದು ಭಾವ ನೋಡಿದರು. ಕಪ್ಪು ಅಕ್ಷರದಲ್ಲೆಲ್ಲ ಚುಕ್ಕಿ. ಎರಡು ನಿಮಿಷದ ಕೆಲಸ, ಏಳು ತಿಂಗಳು ಕಾದದ್ದಾಯಿತು. ಕಾರ್ಡು ಕೈಗೆ ಬಂದ ದಿನವೇ ನೋಡಿದ್ದರೆ ಹಣ ಬರುತ್ತಿತ್ತು. ಹೀಗಾಗಿ ನನ್ನ ಒಂದೇ ಸಲಹೆ ಬರೆದುಕೊಳ್ಳಿ ಎಂದರೆ ನಾನು ಹೇಳುವುದು ಇದು: ಮನೆಯ ಪರೀಕ್ಷೆಯನ್ನು ವಾಪಸಿನ ಗಡುವಿನೊಳಗೆ ಮಾಡಿ, ಹೊರಗಿನ ಪರೀಕ್ಷೆ ಆಮೇಲೆ.

ಒಂದು ವಾರ ಭಾವ ಸುಮ್ಮನಿದ್ದರು. ಆಮೇಲೆ ಒಂದು ರಾತ್ರಿ ಕರೆ ಮಾಡಿ ಮೆಲ್ಲಗೆ ಕೇಳಿದರು: "ಅಲ್ಲ ಕಣೋ, ನಾನೇನು ಅಚ್ಚು ಹಾಕಿದವನೇ? ನನಗೂ ಗೊತ್ತಿರಲಿಲ್ಲ. ಇದ್ದಂತೆ ಮಾರುತ್ತೇನೆ ಎಂದು ಬರೆದು ಹಾಕಿದರೆ ಯಾರಾದರೂ ತೆಗೆದುಕೊಳ್ಳುತ್ತಾರೆ. ಅರ್ಧ ದುಡ್ಡಾದರೂ ಬಂದೀತು." ಭಾವ ಕೆಟ್ಟವರಲ್ಲ. ಒಂದು ಪೈಸೆ ತೆರಿಗೆ ತಪ್ಪಿಸಿದವರಲ್ಲ. ಆದರೂ ಆ ಯೋಚನೆ ಬಂತು. ನನಗೆ ಆ ಕ್ಷಣದಲ್ಲಿ ಹೊಳೆಯಿತು, ಅವರಿಗೆ ಮಾರಿದವನೂ ಬಹುಶಃ ಇಂಥದೇ ಒಂದು ರಾತ್ರಿ ಹೀಗೆಯೇ ಯೋಚಿಸಿದ್ದನೇನೋ. ಅಚ್ಚು ಹಾಕುವ ಕಳ್ಳನಿಗೆ ಒಬ್ಬ ಸಾಕು. ಆಮೇಲೆ ಕಾರ್ಡನ್ನು ಊರೂರಿಗೆ ಸಾಗಿಸುವವರು ಮೋಸಹೋದವರೇ. ನಾನು "ಏನು ಹೇಳಲಿ ಭಾವ, ನೀವೇ ಯೋಚನೆ ಮಾಡಿ" ಎಂದು ತಪ್ಪಿಸಿಕೊಂಡೆ. ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ರೀ, ಅದನ್ನ ಇಲ್ಲಿ ಕೊಡಿ."

ಆ ಕಾರ್ಡು ಈಗ ನನ್ನ ಬಳಿ ಇದೆ. ಹೋದ ಸಲ ಅಕ್ಕ ಊರಿಗೆ ಬಂದಾಗ ತಂದುಕೊಟ್ಟಳು. ಹಿಂಬದಿಯಲ್ಲಿ ಅಳಿಸಲಾಗದ ದಪ್ಪ ಪೆನ್ನಿನಲ್ಲಿ 'ನಕಲಿ' ಎಂದು ಅವಳ ಕೈಬರಹವಿದೆ, ಅಲ್ಲಿಯವರಿಗೂ ತಿಳಿಯಲೆಂದು ಕೆಳಗೆ ಇಂಗ್ಲಿಷಿನಲ್ಲೂ ಬರೆದಿದ್ದಾಳೆ. ಇದರ ಜೊತೆಗೆ ಅದೇ 1986ರ ಸೆಟ್ಟಿನ ಇನ್ನೊಬ್ಬ ಆಟಗಾರನ ಅಸಲಿ ಕಾರ್ಡೂ ಇದೆ, ಕೆಲವೇ ಡಾಲರಿನದು, ಆತನ ಹೆಸರು ನನಗೂ ಬಾಯಿಗೆ ಬರುವುದಿಲ್ಲ. ಎರಡನ್ನೂ ಸಭೆಯಲ್ಲಿ ದಾಟಿಸುತ್ತೇನೆ. ಭೂತಗನ್ನಡಿ ತಂದವರು ಮೊದಲು ಅಕ್ಷರ ನೋಡಿ, ಆಮೇಲೆ ಕೆಂಪು-ಬಿಳಿ-ನೀಲಿ ಅಂಚು ನೋಡಿ. ಹಿಂದಿನ ಸಾಲಿನವರೆಗೂ ಹೋಗಲಿ. ಸಭೆ ಮುಗಿದ ಮೇಲೆ ದಯವಿಟ್ಟು ಎರಡನ್ನೂ ವಾಪಸು ಕೊಡಿ. ಅಕ್ಕ ಲೆಕ್ಕ ಕೇಳುತ್ತಾಳೆ.